ಗಂಟು ಹಾಕದ ಕಂಬಳಿ

ಎರಡು ವರ್ಷದ ಹಿಂದಿನ ಶ್ರಾವಣ, ಸೋಮವಾರ ಬೆಳಿಗ್ಗೆ. ನನ್ನ ಮಗಳು ಮಾಯವ್ವ ಜಮಖಂಡಿಯ ನಮ್ಮ ಮನೆಯಿಂದ ಮೋಟರ್‌ಸೈಕಲ್ ಮೇಲೆ ಲಡಾಖಿಗೆ ಹೊರಟಳು. ನಾನು ಮೂರನೆಯ ಇಯತ್ತೆ ಕಲಿತವಳು. ಬಂದಷ್ಟು ಬರೆಯುತ್ತೇನೆ.

ಮಾಯವ್ವ ಬೀಳಗಿ ಕಡೆಯ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಳು. ಮದುವೆ ಬೇಡ ಅಂದಳು, ನಾನೂ ಬಿಟ್ಟೆ. ಅವಳ ಗಾಡಿ ಭಾರಿ ದುಬಾರಿಯದಲ್ಲ, ತೀರ ಸಣ್ಣದೂ ಅಲ್ಲ, ನಡುವಿನದು. ರಜೆ ಸಿಕ್ಕರೆ ಅದರ ಮೇಲೆ ಒಬ್ಬಳೇ ಹೋಗುವಳು. ಕನ್ಯಾಕುಮಾರಿಗೆ ಹೋಗಿ ಬಂದಿದ್ದಳು, ಪುರಿಗೆ ಹೋಗಿ ಬಂದಿದ್ದಳು. ಬಂದ ಮರುದಿನ ಅಂಗಳದಲ್ಲಿ ಕುಳಿತು ಹಳೆಯ ಬ್ರಶ್ಶಿನಿಂದ ಚೈನು ತಿಕ್ಕಿ ಎಣ್ಣೆ ಬಿಡುವಳು.

ಅಂದು ಎದುರುಮನೆಯ ಶಾಂತವ್ವ ಕೇಳಿದಳು, “ಏನಬೇ ಕಾಕೂ, ಮಗಳು ಗಂಡಸರಗತೆ ಗಾಡಿ ಏರಿ ಎಲ್ಲಿಗಿ ಹೊಂಟಾಳ?”

“ಹಿಮದ ಗುಡ್ಡಕ್ಕ. ನಿನ್ನ ಗಂಡಗ ಸಂತಿಗಿ ಹೋಗೂ ಹಾದೀರ ಗೊತ್ತೈತೇನು?” ಅಂದೆ.

ಮಾಯವ್ವ ಗಟ್ಟಿಯಾಗಿ ನಕ್ಕಳು.

ನಮ್ಮದು ಕುರಿ ಕಾಯುವ ಮನೆತನ. ದೂರ ಹೋಗುವವರು ಬೀರದೇವರ ಮುಂದೆ ಕಂಬಳಿ ಹಾಸಿ, ಅದರ ಮೇಲೆ ಭಂಡಾರದ ಅರಿಸಿನ ಹಾಕಿಸಿ, ಹೆಗಲ ಮೇಲೆ ಹೊತ್ತು ಹೋಗಬೇಕು. ತಿರುಗಿ ಬರುವ ತನಕ ಆ ಕಂಬಳಿಗೆ ಗಂಟು ಹಾಕುವಂತಿಲ್ಲ, ಹಗ್ಗ ಬಿಗಿಯುವಂತಿಲ್ಲ. ನನ್ನ ಅತ್ತೆ ಹಾಗೆ ಹೇಳಿಕೊಟ್ಟಿದ್ದಳು. ನನ್ನ ಗಂಡ ಕುರಿ ಹೊಡೆದುಕೊಂಡು ಎಷ್ಟು ದೂರ ಹೋದರೂ ತಿರುಗಿ ಬಂದಿದ್ದ. ಹಿಂದಿನ ಸಲ ಮಗಳು ಕಂಬಳಿ ಒಯ್ದಿರಲಿಲ್ಲ. ಈ ಸಲದ ಹಾದಿ ನೆನೆದು ನನಗೆ ಅಂಜಿಕೆ ಬಂತು. ತೀರಿಹೋದ ಗಂಡನ ಕರಿ ಕಂಬಳಿಗೆ ಗುಡಿಯಲ್ಲಿ ಭಂಡಾರ ಹಾಕಿಸಿ ತಂದಿದ್ದೆ.

“ಹೆಗಲ ಮ್ಯಾಲ ಹಾಕ್ಕೊಂಡು ಗಾಡಿ ಹೊಡ್ಯಾಕ ಬರೂದಿಲ್ಲಬೇ ಯವ್ವಾ. ಹಿಂದ ಇಟ್ರ ಬಿಗದ ಕಟ್ಟಬೇಕು. ಇಲ್ಲಂದ್ರ ಜಾರಿ ಗಾಲಿಗೆ ಸಿಗತೈತಿ.”

“ಕಟ್ಟಬಾರದು.”

“ಹಂಗಾರ ಮನ್ಯಾಗ ಇರಲಿ. ನಿನ್ನ ದೇವ್ರು ಕಂಬಳಿ ಬಿಟ್ಟು ಬರೂದಿಲ್ಲಂತೇನು?”

ಅವಳು ಚಹಾ ಕುಡಿಯಲು ಒಳಗೆ ಹೋದಳು. ನಾನು ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ, ಹಿಂದಿನ ಚೀಲಗಳಿಗೆ ಮಳೆಗೆಂದು ಹೊದಿಸಿದ್ದ ಪ್ಲಾಸ್ಟಿಕ್ ಹಾಳೆಯೊಳಗೆ ತುರುಕಿದೆ. ಗಂಟು ಹಾಕಲಿಲ್ಲ. ಅವಳು ಬಂದು ಚೀಲದ ಹಗ್ಗ ಎಳೆದು ನೋಡಿದಳು, ಹಾಳೆ ಎತ್ತಿ ನೋಡಲಿಲ್ಲ. ನನ್ನ ಕೆಲಸ ಆಯಿತು ಎಂದು, ಅವಳು ಹೊರಟ ಮೇಲೆ ನಾನು ಒಲೆಯ ಮುಂದೆ ಕುಳಿತೆ.

ಮಗಳು ಕೃಷ್ಣಾ ನದಿಯನ್ನೂ ದಾಟಲಿಲ್ಲ. ಹೊಳೆದಂಡೆಯ ಚಿಕ್ಕಪಡಸಲಗಿಯ ಈಚೆಗೇ ಬಿದ್ದಳು. ರೊಟ್ಟಿ ಬಡಿದು ಮುಗಿದಿರಲಿಲ್ಲ, ಫೋನ್ ಬಂತು. ಬೆನ್ನುಮೂಳೆ ಮುರಿದಿತ್ತು. ಈಗ ಸೊಂಟದ ಕೆಳಗೆ ಅವಳಿಗೆ ಏನೂ ತಿಳಿಯುವುದಿಲ್ಲ.

ವಾರದ ಮೇಲೆ ಗ್ಯಾರೇಜಿನವನು ಗಾಡಿ ರಿಪೇರಿ ಮಾಡಿ ತಂದು ನಿಲ್ಲಿಸಿದ. ಜೊತೆಗೆ ಒಂದು ಸಿಮೆಂಟಿನ ಚೀಲ ಕೊಟ್ಟ. “ಅಮ್ಮಾರ, ಇದು ಹಿಂದಿನ ಗಾಲ್ಯಾಗ ಸುತ್ತಿ ಕುಂತಿತ್ರಿ. ಕೊಯ್ದು ತಗದೇನ್ರಿ.” ಒಳಗೆ ಕಂಬಳಿಯ ತುಂಡುಗಳಿದ್ದವು, ಅರಿಸಿನದ ಮೇಲೆ ಚೈನಿನ ಎಣ್ಣೆ. ದೇವರ ಕಂಬಳಿ, ಸುಡುವಂತಿಲ್ಲ. ಟ್ರಂಕಿನಲ್ಲಿ ಇಟ್ಟಿದ್ದೇನೆ.

ನೋಡಲು ಬಂದವರಿಗೆಲ್ಲ ಮಾಯವ್ವ ಒಂದೇ ಮಾತು ಹೇಳುತ್ತಾಳೆ, “ನಾಯಿ ಅಡ್ಡ ಬಂತ್ರಿ.”

ಒಂದು ದಿನ ಅವಳ ಮೈ ಒರೆಸುವಾಗ ಬಾಯಿ ಬಿಟ್ಟೆ. “ಮಾಯೀ, ಅವತ್ತ ನಾನ ಕಂಬಳಿ...”

“ನಾಯಿ ಬಂತು ಅಂದ್ನೆಲ್ಲಬೇ.” ಮುಖ ಗೋಡೆಯ ಕಡೆ ತಿರುಗಿಸಿದಳು. “ಹೋಗು, ಗಾಡಿ ಚಾಲೂ ಮಾಡು. ಬ್ಯಾಟರಿ ಸಾಯತೈತಿ,” ಅಂದಳು.

ಅಂದಿನಿಂದ ದಿನಾ ಬೆಳಿಗ್ಗೆ ಅಂಗಳಕ್ಕೆ ಹೋಗಿ ಕೀಲಿ ತಿರುಗಿಸಿ ಗುಂಡಿ ಒತ್ತುತ್ತೇನೆ. ಅವಳು ಒಳಗೆ ಮಂಚದ ಮೇಲೆ ಕಣ್ಣು ಮುಚ್ಚಿ ಆ ಸದ್ದು ಕೇಳುತ್ತಾಳೆ. ಸ್ವಲ್ಪ ಹೊತ್ತಿಗೆ “ಸಾಕಬೇ” ಅಂತ ಕೂಗುತ್ತಾಳೆ, ನಾನು ಬಂದ್ ಮಾಡುತ್ತೇನೆ.

ಅವಳು ಒಮ್ಮೆ ನನ್ನನ್ನು ಬೈದರೆ ಚೆನ್ನಾಗಿತ್ತು. ಇವತ್ತಿನವರೆಗೂ ಬೈದಿಲ್ಲ. ಕೆಲವು ದಿನ ಸಾಕು ಎಂದೂ ಅನ್ನುವುದಿಲ್ಲ. ಅಂಥ ದಿನ ನಾನು ಗಾಡಿ ಬಂದ್ ಮಾಡದೆ, ಕೈ ಅದರ ಮೇಲಿಟ್ಟು ಅಲ್ಲೇ ನಿಂತಿರುತ್ತೇನೆ.