ಹತ್ತು ಸೈನ್‌ಗಳಲ್ಲಿ ಮೊದಲನೆಯದು

ಸುಳ್ಳು ಸುದ್ದಿ ಹಬ್ಬಿಸಬೇಡಿ ಅಂತ ಬೆಳಿಗ್ಗೆ ಮೂರು ಜನಕ್ಕೆ ಬೈದೆ...
ನಿನ್ನೆ ಸಂಜೆ ಡೇರಿ ಮುಂದೆ ಕ್ಯಾನ್ ಹಿಡಿದು ನಿಂತಿದ್ದವನು ಇವತ್ತು ಇಲ್ಲ ಅಂದರೆ ಯಾರು ನಂಬುತ್ತಾರೆ?
ಹಾರ್ಟ್ ಅಟ್ಯಾಕ್ ಅಂತೆ...
ಪಾಲಹಳ್ಳಿಯ ನಿಂಗೇಗೌಡ ಹೋಗಿಬಿಟ್ಟ.
ನಮ್ಮ ನಿಂಗ...

ಗೊತ್ತಿಲ್ಲದವರಿಗೆ ಹೇಳುತ್ತೇನೆ.
ದೊಡ್ಡ ಪಕ್ಷದ ಅಭ್ಯರ್ಥಿಯ ನಾಮಪತ್ರಕ್ಕೆ ಒಬ್ಬ ಸೂಚಕ ಸಾಕು.
ಪಕ್ಷೇತರನಾಗಿ ನಿಂತರೆ ಹತ್ತು ಮತದಾರರು ಸೈನ್ ಹಾಕಬೇಕು.
ನಮ್ಮ ಶಾಸಕರು ಪಕ್ಷೇತರರಾಗಿ ನಿಂತಾಗ ಮೊದಲನೆಯ ಸೈನ್ ನಿಂಗನದು. ಎರಡನೆಯದು ನನ್ನದು.

ಹೊಲಿಗೆ ಮೆಷಿನ್ ಗುರುತು ಸಿಕ್ಕಿತು.
ಹೆಂಡತಿ ಜಯಮ್ಮನ ಮೆಷಿನ್ನನ್ನೇ ಟ್ರಾಕ್ಟರಿಗೆ ಹತ್ತಿಸಿಕೊಂಡು ಬೆಳಗೊಳದ ಬೀದಿಬೀದಿ ಸುತ್ತಿದ ಪುಣ್ಯಾತ್ಮ.
ಚುನಾವಣೆ ಮುಗಿಯುವ ತನಕ ಪಾಪ ಆಕೆ ಒಂದು ರವಿಕೆಯನ್ನೂ ಹೊಲಿಯಲಿಲ್ಲ.
ಗೆದ್ದೆವು...

ವರ್ಷ ತುಂಬುವುದರೊಳಗೆ ಶಾಸಕರ ಹೆಗಲ ಮೇಲೆ ಒಂದು ಪಕ್ಷದ ಶಲ್ಯ.
ಪಕ್ಷೇತರರಾಗಿ ಗೆದ್ದವರು ಅಧಿಕೃತವಾಗಿ ಪಕ್ಷ ಸೇರಿದರೆ ಶಾಸಕ ಸ್ಥಾನವೇ ಹೋಗುತ್ತದೆ.
ಅದಕ್ಕೇ "ಸೇರಿಲ್ಲ, ಬೆಂಬಲ ಅಷ್ಟೇ" ಅನ್ನುವ ಮಾತು ಹುಟ್ಟಿತು.
ಊರೂರಿಗೆ ಹೋಗಿ ಅದನ್ನು ಹೇಳಿಕೊಂಡು ಬಂದವನು ನಾನೇ. ನನಗೊಂದು ಕಮಿಟಿ ಮೆಂಬರ್ ಪೋಸ್ಟ್ ಸಿಕ್ಕಿತು.

ನಿಂಗ ಮಾತ್ರ ನೇರವಾಗಿ ಶಾಸಕರ ಮನೆಗೇ ಹೋದ.
"ಸಾ, ನನ್ ಸೈನ್ ವಾಪಸ್ ಕೊಟ್ಬುಡಿ. ನಾನು ಪಕ್ಸ ಇಲ್ದೋರ್ಗೆ ಹಾಕಿದ್ದು."
ಅಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಯಾರೋ ವಿಡಿಯೋ ಮಾಡಿದರು.
ಅದನ್ನು ಊರಿನ ಗ್ರೂಪಿಗೆ ಹಾಕಿ, ನಗುವ ಎಮೋಜಿ ಒತ್ತಿದವನು...
ನಾನು.

ನಿಂಗ...
ನೀನು ನನ್ನ ಹತ್ತಿರ ಜಗಳಕ್ಕೆ ಬರಲಿಲ್ಲ. ಬಂದಿದ್ದರೆ ಎಷ್ಟೋ ಚೆನ್ನಾಗಿತ್ತು ಕಣ್ಲಾ.
ಟೀ ಅಂಗಡಿಯಲ್ಲಿ ನೀನು ಒಂದೇ ಸಲ ಕೇಳಿದೆ. "ನೀನೂ ನಗಾಡ್ಬುಟ್ಯೇನ್ಲಾ?"
ಫೋನ್ ಬಂತು ಅಂತ ನಾನು ಎದ್ದು ಹೋದೆ.
ಯಾವ ಫೋನೂ ಬಂದಿರಲಿಲ್ಲ...

ಇವತ್ತು ಮಧ್ಯಾಹ್ನ ಶಾಸಕರು ಬಂದರು. ಜೊತೆಗೆ ಬಂದವರು ನಿನ್ನ ಮೇಲೆ ಪಕ್ಷದ ಬಾವುಟ ಹೊದಿಸಿದರು.
"ನಮ್ಮ ಪಕ್ಷದ ನಿಷ್ಠಾವಂತ ಕಾರ್ಯಕರ್ತ" ಅಂದರು. ಫೋಟೋ ತೆಗೆಸಿಕೊಂಡರು.
ಜಯಮ್ಮ ಅಳುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದಳು.
"ಅಣ್ಣ, ಅದ ತಗುದ್ಬುಡಣ್ಣ... ಅವ್ರು ಯಾವ ಪಕ್ಸುಕ್ಕೂ ಸೇರಿರ್ನಿಲ್ಲ."

ನಾನು ಎರಡು ಹೆಜ್ಜೆ ದೂರದಲ್ಲಿದ್ದೆ.
ಶಾಸಕರು ನನ್ನನ್ನೇ ನೋಡುತ್ತಿದ್ದರು...
ಕೈಮುಗಿದುಕೊಂಡು ನಿಂತೆ. ತೆಗೆಯಲಿಲ್ಲ.
ಬಾವುಟದ ಸಮೇತ ನಿನ್ನನ್ನು ಮಣ್ಣು ಮಾಡಿದೆವು.

ಕ್ಷಮಿಸು ಅಂತ ಕೇಳುವ ಮುಖವೂ ನನಗಿಲ್ಲ.
ಹೋಗಿ ಬಾ ನಿಂಗ... ನಿನ್ನ ಜೀವಕ್ಕೆ ನೆಮ್ಮದಿ ಸಿಗಲಿ.
ನನಗೆ ಸಿಗುವುದು ಬೇಡ.