ಕೂಗಲು ಬಾರದ ವಕೀಲರು

ಹೊನ್ನಾವರದ ವಿಶ್ವನಾಥ ವಕೀಲರು ಮಾತಾಡಿದರೆ ಅವರ ಕೋಟಿನ ಮೇಲಿನ ಗುಂಡಿಗೆ ಮಾತ್ರ ಕೇಳಿಸುತ್ತದೆ, ಕೆಳಗಿನ ಗುಂಡಿ ಅಂದಾಜಿನ ಮೇಲೆ ತಿಳಿದುಕೊಳ್ಳಬೇಕು ಎಂಬುದು ವಕೀಲರ ಸಂಘದ ಹಳೆಯ ಜೋಕು. ಧಾರೇಶ್ವರದ ತುಂಬಿದ ಮನೆಯಲ್ಲಿ ಕೊನೆಯ ಮಗನಾಗಿ ಹುಟ್ಟಿದವರು ಅವರು. ಅಣ್ಣಂದಿರು ಅಕ್ಕಂದಿರು ಮನೆಯ ಗಾಳಿಯನ್ನೆಲ್ಲ ಮಾತಿಗೆ ಬಳಸಿ ಮುಗಿಸಿದ ಮೇಲೆ ಉಳಿದ ಚೂರುಪಾರಿನಲ್ಲಿ ಮಾತಾಡಿ ಅಭ್ಯಾಸವಾಗಿತ್ತು. ಹುಬ್ಬಳ್ಳಿಯಲ್ಲಿ ಕಾನೂನು ಓದಿ ಬಂದು ಸಿವಿಲ್ ಕಡೆಗೆ ಕೂತರು. ಸಿವಿಲ್ ಎಂದರೆ ಗಡಿ, ಬಾವಿ, ಪಾಲು, ದಾರಿ. ವರ್ಷ ಕಳೆದಂತೆ ಕೇಸು ಹೆಚ್ಚಾಯಿತು, ಕೇಶ ಕಡಿಮೆಯಾಯಿತು, ದನಿ ಮಾತ್ರ ಇದ್ದಲ್ಲೇ ಇತ್ತು.

ಅದರಿಂದ ಯಾರಿಗೂ ತೊಂದರೆ ಆಗಿರಲಿಲ್ಲ. ತೊಂದರೆ ಬಂದದ್ದು ಟಿವಿಯಿಂದ.

ಟಿವಿಯಲ್ಲಿ ಈಗ ಎರಡು ಬಗೆಯ ಕೋರ್ಟುಗಳಿವೆ. ದಿನಾ ಊಟದ ಹೊತ್ತಿಗೆ ಬರುವುದು ಅಳುವ ಕೋರ್ಟು. ಅಲ್ಲಿ ಲಾಯರ್ ಧೂಮಕೇತು ಎಂಬಾತ ಬಾಗಿಲನ್ನು ಎರಡೂ ಕೈಯಿಂದ ನೂಕಿ ಒಳಗೆ ಬರುತ್ತಾನೆ. 'ಅಬ್ಜೆಕ್ಷನ್ ಯುವರ್ ಆನರ್' ಎಂದು ಮೇಜು ಕುಟ್ಟುತ್ತಾನೆ, ಆ ಒಂದೇ ಪೆಟ್ಟನ್ನು ಎಲ್ಲ ದಿಕ್ಕಿನಿಂದಲೂ ತೋರಿಸುತ್ತಾರೆ. ಸತ್ತನೆಂದು ಮನೆಯವರು ತಿಥಿ ಮಾಡಿ ಮುಗಿಸಿದ ಸಾಕ್ಷಿದಾರ ಹಿಂದಿನ ಬಾಗಿಲಲ್ಲಿ ಬಂದು ನಿಲ್ಲುತ್ತಾನೆ. ಸುಳ್ಳು ಹೇಳಿದವನು ಕಟಕಟೆಯಲ್ಲೇ ಬೆವತು 'ಹೌದು, ನಾನೇ ಮಾಡಿದ್ದು' ಎಂದು ಒಪ್ಪಿಕೊಳ್ಳುತ್ತಾನೆ. ಭಾನುವಾರ ಬರುವುದು ನಗುವ ಕೋರ್ಟು. ಅಲ್ಲಿ ಜಡ್ಜಿಗೆ ನಿದ್ದೆ, ಪೊಲೀಸನಿಗೆ ಹಸಿವು, ಸುತ್ತಿಗೆ ಕುಟ್ಟಿದರೆ ಪೆಟ್ಟು ಗುಮಾಸ್ತನ ಬೆರಳಿಗೆ. ವಿಶ್ವನಾಥರ ಕೋರ್ಟು ಈ ಎರಡೂ ಅಲ್ಲ, ಅದು ಆಕಳಿಸುವ ಕೋರ್ಟು. ಅಲ್ಲಿ ಸುತ್ತಿಗೆಯೇ ಇಲ್ಲ. ಇರುವುದು ಒಂದು ಫ್ಯಾನು, ಅದು ಮಾತ್ರ ಎಲ್ಲರಿಗಿಂತ ಜೋರಾಗಿ ವಾದಿಸುತ್ತದೆ.

ಇಂಥ ಕೋರ್ಟಿಗೆ ಹಳದೀಪುರದ ಮಾಸ್ತಮ್ಮ ವಿಶ್ವನಾಥರ ಕಕ್ಷಿದಾರಳಾಗಿ ಬಂದಳು. ಬಸಳೆ, ಹರಿವೆ, ಕೆಸುವಿನ ಸೊಪ್ಪು ಬೆಳೆದು ಹೊನ್ನಾವರ ಪೇಟೆಯಲ್ಲಿ ಮಾರುವ ಹೆಂಗಸು. ಅವಳ ಗದ್ದೆಯಿಂದ ಹೆದ್ದಾರಿಗೆ ಬರಲು ಕೃಷ್ಣಾನಂದ ಎಂಬವರ ತೆಂಗಿನ ತೋಟದ ಅಂಚಿನಲ್ಲಿ ಒಂದು ಕಾಲುದಾರಿ ಇತ್ತು. ಅವಳ ಅತ್ತೆ, ಅತ್ತೆಯ ಅತ್ತೆ ಎಲ್ಲ ಹೊರೆ ಹೊತ್ತು ಅಲ್ಲೇ ನಡೆದವರು. ಕೃಷ್ಣಾನಂದ ಒಂದು ದಿನ ಅದಕ್ಕೆ ಕಬ್ಬಿಣದ ಗೇಟು ಹಾಕಿ ಬೀಗ ಜಡಿದರು. ಈಗ ಮಾಸ್ತಮ್ಮ ಹಳ್ಳ ಸುತ್ತಿ ಬರಬೇಕು. ಸುತ್ತಿ ಬರುವಷ್ಟರಲ್ಲಿ ಬೆಳಗಿನ ಬಸ್ಸು ಹೋಗಿರುತ್ತದೆ. ಮುಂದಿನ ಬಸ್ಸು ಹಿಡಿದು ಪೇಟೆ ಮುಟ್ಟಿದರೆ ಗಿರಾಕಿಗಳು ಬೇರೆಯವರ ಬುಟ್ಟಿ ಖಾಲಿ ಮಾಡಿ ಹೋಗಿರುತ್ತಾರೆ, ಬಿಸಿಲಿಗೆ ಸೊಪ್ಪು ಅವಳಿಗಿಂತ ಮೊದಲೇ ಸೋತು ಮಲಗಿರುತ್ತದೆ. ದಾರಿ ಸಿಗದಿದ್ದರೆ ಬುಟ್ಟಿ ಮಗುಚಿ ಇಡಬೇಕಾದೀತು ಎಂಬ ಹೆದರಿಕೆ ಅವಳಿಗೆ.

ಕೆಸು ಮಾರುವವಳ ಕೇಸು ಮೆತ್ತಗೆ ನಡೆಯಿತು. ಆ ತೋಟದಲ್ಲಿ ಯಾವ ಕಾಲಕ್ಕೂ ಯಾರೂ ಓಡಾಡಿದ್ದಿಲ್ಲ ಎಂಬುದು ಕೃಷ್ಣಾನಂದರ ಲಿಖಿತ ಹೇಳಿಕೆ. ಅವರ ವಕೀಲೆ ರೂಪಾ, ಹೊಸಬಳು, ಚುರುಕು. ಕೃಷ್ಣಾನಂದರ ಪಾಟೀಸವಾಲಿನ ದಿನ ಬಂತು. ವಿಶ್ವನಾಥರು ಎದುರು ಪಕ್ಷದ ಸಾಕ್ಷಿಯನ್ನು ಪ್ರಶ್ನೆ ಕೇಳಿ ಸೋಸುವ ದಿನ.

ಮಾಸ್ತಮ್ಮ ಹೊಸ ಸೀರೆ ಉಟ್ಟು, ವಿಚಾರಣೆ ನೋಡಲಿ ಎಂದು ಪಕ್ಕದ ಮನೆಯ ನಾಗಿಯನ್ನು ಕರೆದುಕೊಂಡು ಬಂದಿದ್ದಳು. ಇಬ್ಬರೂ ಧೂಮಕೇತುವಿನ ಒಂದು ಕಂತನ್ನೂ ಬಿಟ್ಟವರಲ್ಲ. ಕೃಷ್ಣಾನಂದರೂ ಬಿಟ್ಟವರಲ್ಲ ಎಂಬುದು ಅವರು ಕಟಕಟೆ ಹತ್ತಿದ ಗತ್ತಿನಲ್ಲೇ ಗೊತ್ತಾಗುತ್ತಿತ್ತು. ಕೂಗಿದರೆ ತಿರುಗಿ ಕೂಗಲು ಒಂದು ಭಾಷಣ ಬಾಯಿಪಾಠ ಮಾಡಿಕೊಂಡೇ ಬಂದಿದ್ದರು.

ವಿಶ್ವನಾಥರು ಎದ್ದರು. "ತೋಟ ಚೆನ್ನಾಗಿದೆಯಾ?" ಎಂದು ಕೇಳಿದರು.

"ಇದೆ."

"ಗಡಿ ಬದಿಯ ಮರಗಳ ಫಸಲು?"

"ಅದೇ ಎಲ್ಲಕ್ಕಿಂತ ಹೆಚ್ಚು."

"ಬಲಿತ ಕಾಯಿ ತಾನಾಗಿ ಉದುರ್ತದಲ್ಲ. ಹಾಗೇ ಬಿಡ್ತೀರಾ?"

ಕೃಷ್ಣಾನಂದರಿಗೆ ಅವಮಾನವಾಯಿತು. "ಛೇ ಛೇ, ಬಿಡೂದು ಹ್ಯಾಂಗೆ? ಅಪ್ಪನ ಕಾಲದಿಂದ್ಲೂ ಆ ಸಾಲಿನ ಕಾಯಿ ಮೊದ್ಲು ಇಳಿಸ್ತೇವೆ. ಹೊರೆ ಹೊತ್ಕಂಡು ಹೋಗೂ ಹೆಂಗಸ್ರ ತಲೆ ಮೇಲೆ ಬಿದ್ರೆ ಪಾಪ ಬರೂದು ಯಾರಿಗೆ?"

ನ್ಯಾಯಾಧೀಶೆ ಕನ್ನಡಕದ ಮೇಲಿನಿಂದ ಒಮ್ಮೆ ನೋಡಿ, ಆ ಮಾತನ್ನು ಹಾಗೆಯೇ ಟೈಪಿಸ್ಟಿಗೆ ಹೇಳಿ ಬರೆಸಿದರು. ರೂಪಾ, ತನ್ನ ಕಕ್ಷಿದಾರ ಎಲ್ಲಿ ಭಾಷಣ ಶುರುಮಾಡುತ್ತಾರೋ ಎಂಬ ಚಿಂತೆಯಲ್ಲಿ ಅವರಿಗೆ ಕೈಸನ್ನೆ ಮಾಡುವುದರಲ್ಲಿದ್ದಳು.

"ಬಹಳ ಒಳ್ಳೆ ಕೆಲಸ" ಎಂದು ಹೇಳಿ ವಿಶ್ವನಾಥರು ಕೂತುಬಿಟ್ಟರು.

ಧೂಮಕೇತು ಆಗಿದ್ದರೆ ಇಲ್ಲಿಂದಲೇ ಶುರುಮಾಡುತ್ತಿದ್ದ. 'ಯಾವ ಹೆಂಗಸರು? ದಾರಿಯೇ ಇಲ್ಲದಲ್ಲಿ ಹೊರೆ ಹೊತ್ತವರು ಎಲ್ಲಿಂದ ಬಂದರು?' ಎಂದು ಮೇಜು ಕುಟ್ಟುತ್ತಿದ್ದ. ಹಾಗೆ ಕುಟ್ಟಿದರೆ ಸಾಕ್ಷಿ ಎಚ್ಚರಾಗಿ 'ಅದು ನಮ್ಮ ಮನೆಯ ಹೆಂಗಸರು' ಎಂದು ತಿದ್ದಿಕೊಳ್ಳುತ್ತಾನೆ ಎಂಬುದು ಆಕಳಿಸುವ ಕೋರ್ಟಿನ ಅನುಭವ. ಅಲ್ಲಿ ಗೆಲ್ಲುವುದು ಕೇಳದೆ ಬಿಟ್ಟ ಪ್ರಶ್ನೆಯಿಂದ.

ಹೊರಗೆ ಜಗಲಿಯಲ್ಲಿ ಮಾಸ್ತಮ್ಮ ಕಾಯುತ್ತಿದ್ದಳು. ಮುಖ ಹರಿವೆ ಸೊಪ್ಪಿನಷ್ಟು ಕೆಂಪಾಗಿತ್ತು.

"ಎಂತ ವಕೀಲ್ರೇ ಇದು? ನನ್ನ ದಾರಿ ಕೇಳಿ ಅಂದ್ರೆ ಅವನ ಕಾಯಿ ಲೆಕ್ಕ ಕೇಳ್ತ್ರಿ! ಮೇಲಿಂದ ಒಳ್ಳೆ ಕೆಲಸ ಮಾಡಿದ್ರಿ ಅಂತ ಹೊಗಳ್ತ್ರಿ!"

"ಬರೂ ವಾರ ಅವನ ಮನೆಗೆ ಚಾ ಕುಡೂಕೆ ಹೋಗ್ತ್ರೋ ಎಂತದೋ" ಎಂದಳು ನಾಗಿ.

"ಹೋಗೂದೆಂತಕ್ಕೆ? ಇಲ್ಲೇ ಕುಡೀತ್ರಲ್ಲ. ಮೊನ್ನೆ ಆ ರೂಪಾ ವಕೀಲ್ರ ಜೊತೆ ಹೋಟ್ಲಲ್ಲಿ ಕೂತು ಬನ್ಸ್ ತಿಂದದ್ದು ನಾನೇ ಕಂಡಿದ್ದೆ. ಟಿವಿಲಿ ಯಾವ ವಕೀಲ್ರಾದ್ರೂ ವೈರಿ ವಕೀಲ್ರ ಜೊತೆ ಬನ್ಸ್ ತಿಂತ್ರಾ?"

ವಿಶ್ವನಾಥರು ಕಡತವನ್ನು ಕಂಕುಳಿಗೆ ಸೇರಿಸಿದರು. ನಿನ್ನ ದಾರಿ ಈಗಷ್ಟೇ ಅರ್ಧ ಸಿಕ್ಕಿತು ಎಂದು ಹೇಳುವ ಆಸೆ ಗಂಟಲವರೆಗೆ ಬಂದಿತ್ತು. ಆದರೆ ಮಾಸ್ತಮ್ಮನಿಗೆ ಹೇಳುವುದೂ ಒಂದೇ, ಬಸ್‌ಸ್ಟ್ಯಾಂಡಿನ ಮೈಕಿನಲ್ಲಿ ಹೇಳುವುದೂ ಒಂದೇ. ಅವಳಿಗೆ ಹೇಳಿದ ಸುದ್ದಿ ಅವಳ ಬಸ್ಸಿಗಿಂತ ಮೊದಲು ಹಳದೀಪುರದಲ್ಲಿ ಇಳಿಯುತ್ತದೆ. ಎದುರಿನವರು ತಮ್ಮ ಸಾಕ್ಷಿ ಮುಗಿಯಿತು ಎಂದು ಬರೆಸುವುದು ಮುಂದಿನ ತಾರೀಖಿಗೆ. ಅಲ್ಲಿಯವರೆಗೆ ಕಾಯಿಯ ಮಾತು ಯಾರಿಗೂ ನೆನಪಾಗಬಾರದು.

"ಸ್ವಲ್ಪ ತಾಳು, ಮಾಸ್ತಮ್ಮ" ಎಂದರು.

"ಎಂತ?"

"ತಾಳು ಅಂದೆ."

"ತಾಳಿ ತಾಳಿ ಬಸಳೆ ಒಣಗ್ತು. ಕುಮಟೆಲಿ ರವೀಂದ್ರ ವಕೀಲ್ರು ಇದ್ರಡ. ಅವ್ರು ಮೇಜು ಕುಟ್ಟಿದ್ರೆ ಮಾಡಿನ ಹಂಚಿನ ಮೇಲಿನ ಕಾಗೆ ಹಾರ್ತದಡ. ಕೇಸು ಅವ್ರಿಗೆ ಕೊಡ್ತೆ. ನೀವು ಅದೆಂತೋ ನೋ ಅಬ್ಜೆಕ್ಷನ್ ಅಂತ ಸಹಿ ಹಾಕ್ಬೇಕಡ, ಹಾಕಿಕೊಡಿ."

ಇಡೀ ಜನ್ಮದಲ್ಲಿ ಒಮ್ಮೆಯೂ ಅಬ್ಜೆಕ್ಷನ್ ಎಂದು ಕೂಗದವರಿಗೆ ನೋ ಅಬ್ಜೆಕ್ಷನ್ ಬರೆದುಕೊಡುವುದು ಕಷ್ಟವಲ್ಲ. ಬೇರೆ ಕೇಸಾಗಿದ್ದರೆ ಕೊಟ್ಟು ಮನೆಗೆ ಹೋಗುತ್ತಿದ್ದರು. ಆದರೆ ಕುಮಟೆಯವರು ಬಂದರೆ ಮೊದಲ ದಿನವೇ ಕೃಷ್ಣಾನಂದರನ್ನು ಮತ್ತೆ ಕರೆಸಿ ಮೇಜು ಕುಟ್ಟುತ್ತಾರೆ. ಕಾಗೆಯ ಜೊತೆಗೆ ಮಾಸ್ತಮ್ಮನ ದಾರಿಯೂ ಹಾರಿಹೋಗುತ್ತದೆ.

"ಮುಂದಿನ ತಾರೀಖಿನವರೆಗೆ ಇರು. ಅವತ್ತು ನಾನು ಕೂಗ್ತೇನೆ. ನಿನಗೆ ಸಮಾಧಾನ ಆಗದಿದ್ರೆ ಅಲ್ಲೇ ಸಹಿ ಹಾಕಿಕೊಡ್ತೇನೆ."

ಮಾಸ್ತಮ್ಮ ನಾಗಿಯ ಮುಖ ನೋಡಿದಳು. ನಾಗಿ ಒಪ್ಪಿಗೆ ಕೊಟ್ಟಳು. "ಆತು. ಆದ್ರೆ ಜೋರಾಗಿ ಕೂಗ್ಬೇಕು, ನಾವು ಹಿಂದೆ ಕೂತ್ಕಂತ್ವು."

ಮನೆಯಲ್ಲಿ ಹೆಂಡತಿ ಕಲ್ಪನಾ ಸುದ್ದಿ ಕೇಳಿ ಟಿವಿಯ ದನಿ ಕಡಿಮೆ ಮಾಡಿದರು. ಅದು ಆ ಮನೆಯಲ್ಲಿ ದೊಡ್ಡ ಗೌರವ.

"ನೀವು? ಕೂಗೂದು? ಅಡುಗೆಮನೆಗೆ ಬೆಕ್ಕು ಬಂದ್ರೆ ನನ್ನ ಕರೀತ್ರಿ. ಎಲ್ಲಿ, ಒಮ್ಮೆ ಹೇಳಿ."

"ಅಬ್ಜೆಕ್ಷನ್" ಎಂದರು ವಿಶ್ವನಾಥರು.

"ಮದ್ದು ಕೇಳಿದ ಹಾಂಗೆ ಆತು. ಹೊಟ್ಟೆಯಿಂದ ಬರ್ಲಿ."

ಹೊಟ್ಟೆಯಿಂದ ಬಂದದ್ದು ತೇಗು. ಮರುದಿನದಿಂದ ಅವರು ಸ್ಕೂಟರಿನ ಮೇಲೆ, ಹೆಲ್ಮೆಟ್ಟಿನೊಳಗೆ ಅಭ್ಯಾಸ ಶುರುಮಾಡಿದರು. ಕೂಗು ಹೊರಗೆ ಹೋಗದೆ ಅವರ ಕಿವಿಗೇ ಬಡಿಯುತ್ತಿತ್ತು. ಕೂಗಿಸಿಕೊಳ್ಳುವವರ ಕಷ್ಟ ಏನೆಂದು ಆ ವಯಸ್ಸಿನಲ್ಲಿ ಗೊತ್ತಾಯಿತು.

ಅಷ್ಟೇ ಅಲ್ಲದೆ ಇನ್ನೊಂದು ತೊಡಕು ಇತ್ತು. ಕೂಗಲು ವಿಷಯ ಬೇಕು. ಅವತ್ತಿನ ಕೆಲಸವೆಂದರೆ ರೂಪಾ ಎದ್ದು 'ನಮ್ಮ ಕಡೆ ಇನ್ನು ಸಾಕ್ಷಿ ಇಲ್ಲ' ಎನ್ನುವುದು, ನ್ಯಾಯಾಧೀಶೆ 'ಆಯಿತು' ಎನ್ನುವುದು. ಇದರಲ್ಲಿ ಯಾವುದಕ್ಕೆ ಕೂಗುವುದು? ಕೂಗಿದರೆ ರೂಪಾಳಿಗೆ ಅನುಮಾನ ಬಂದು ಹಳೆಯ ಹೇಳಿಕೆ ತೆರೆದು ಓದಿದರೆ? ತಾರೀಖಿನ ದಿನ ಕೋರ್ಟಿನ ಬೋರ್ಡಿನಲ್ಲಿ ಕೇಸಿನ ನಂಬರು ಹತ್ತಿರವಾಗುತ್ತಿದ್ದಂತೆ ಅವರು ಒಂದು ತೀರ್ಮಾನಕ್ಕೆ ಬಂದರು: ಕೂಗುವುದಿಲ್ಲ. ಇವತ್ತು ಸಾಕ್ಷಿ ಮುಗಿಯಲಿ. ಆಮೇಲೆ ಬೇಕಾದರೆ ಮಾಸ್ತಮ್ಮನ ಕೈಯಲ್ಲಿ ಬೈಸಿಕೊಂಡರಾಯಿತು, ಸಹಿ ಹಾಕಿದರಾಯಿತು.

ಕೇಸು ಕರೆದರು. ಹಿಂದಿನ ಬೆಂಚಿನಲ್ಲಿ ಮಾಸ್ತಮ್ಮ ಮತ್ತು ನಾಗಿ, ಧಾರಾವಾಹಿ ಶುರುವಾಗುವ ಮೊದಲಿನ ಮುಖ ಮಾಡಿಕೊಂಡು ಮುಂದಕ್ಕೆ ಬಾಗಿದರು.

"ಪ್ರತಿವಾದಿ ಕಡೆ ಇನ್ನು ಸಾಕ್ಷಿ ಇಲ್ಲ, ಮ್ಯಾಡಮ್" ಎಂದಳು ರೂಪಾ.

ನ್ಯಾಯಾಧೀಶೆ ಬರೆಸಲು ಟೈಪಿಸ್ಟಿನ ಕಡೆ ತಿರುಗಿದರು. ಆಗ ಕೃಷ್ಣಾನಂದ ಎದ್ದು ನಿಂತರು. "ಸ್ವಾಮಿ, ನಂಗೆ ಇನ್ನೊಂದ್ಸಲ ಹೇಳೂದಿದೆ. ಅವತ್ತು ಈ ವಕೀಲ್ರು ಬರೀ ತೆಂಗಿನಕಾಯಿ ಕೇಳಿದ್ರು, ನನ್ನ ಮಾತು ಒಂದೂ ಕೇಳಲಿಲ್ಲ. ನಾನು ಎಷ್ಟು ತಯಾರಿ ಮಾಡ್ಕಂಡು ಬಂದಿದ್ದೆ!"

ತೆಂಗಿನಕಾಯಿ ಎಂಬ ಮಾತು ಕೇಳಿ ರೂಪಾಳ ಹುಬ್ಬು ಮೇಲೇರಿತು. ಕೈ ಕಡತದ ಕಡೆ ಹೋಯಿತು. "ಮ್ಯಾಡಮ್, ನಮ್ಮ ಕಕ್ಷಿದಾರರನ್ನು ಮತ್ತೊಮ್ಮೆ..."

"ಅಬ್ಜೆಕ್ಷನ್!"

ಫ್ಯಾನಿನ ಸದ್ದು ಒಂದು ಕ್ಷಣ ಯಾರಿಗೂ ಕೇಳಿಸಲಿಲ್ಲ. ಬಾಗಿಲಲ್ಲಿ ನಿಂತಿದ್ದ ಪೊಲೀಸ ಟೋಪಿ ಸರಿಮಾಡಿಕೊಂಡ. ಬೆಂಚ್ ಕ್ಲರ್ಕು, ಯಾವ ಊರಿನ ಹೊಸ ವಕೀಲರು ಬಂದರು ಎಂದು ಬಾಗಿಲು ನೋಡಿದರು. ಎಲ್ಲರಿಗಿಂತ ಹೆಚ್ಚು ಬೆಚ್ಚಿದವರು ವಿಶ್ವನಾಥರೇ. ಹೆದರಿಕೆಯಿಂದ ಹೊರಟ ದನಿ ಅದು. ಇಷ್ಟು ವರ್ಷ ಎಲ್ಲಿತ್ತೋ, ಒಮ್ಮೆಗೇ ಬಂದಿತ್ತು.

ನ್ಯಾಯಾಧೀಶೆ ಪೆನ್ನು ಕೆಳಗಿಟ್ಟರು. "ವಿಶ್ವನಾಥ ಅವರೇ, ಆರೋಗ್ಯ ಸರಿ ಇದೆಯಾ?"

"ಇದೆ, ಮ್ಯಾಡಮ್" ಎಂದರು ಅವರು ಹಳೆಯ ದನಿಯಲ್ಲಿ. "ಸಾಕ್ಷಿ ಮುಗಿಯಿತು ಅಂತ ವಕೀಲರು ಹೇಳಿ ಆಗಿದೆ. ಮತ್ತೆ ಕರೆಸಬೇಕಾದರೆ ಅರ್ಜಿ ಬೇಕು. ಕಾರಣ ಬೇಕು. ಅಷ್ಟೇ ನನ್ನ ಅರಿಕೆ."

"ಅರ್ಜಿ ಇದೆಯಾ?"

"ಇಲ್ಲ ಮ್ಯಾಡಮ್" ಎಂದಳು ರೂಪಾ.

"ಕಾರಣ ಏನು, ಕೃಷ್ಣಾನಂದ ಅವರೇ? ತಯಾರಿ ಮಾಡಿದ್ದು ದಂಡವಾಯಿತು ಅಂತಲೇ?"

ಕೃಷ್ಣಾನಂದ ಸತ್ಯವಂತರು. "ಹೌದು ಸ್ವಾಮಿ" ಎಂದರು.

"ಕೂತ್ಕೊಳ್ಳಿ. ಪ್ರತಿವಾದಿ ಸಾಕ್ಷ್ಯ ಮುಕ್ತಾಯ. ಮುಂದಿನ ತಾರೀಖು ವಾದಕ್ಕೆ."

ಜಗಲಿಯಲ್ಲಿ ಮಾಸ್ತಮ್ಮನ ಮುಖ ಅರಳಿತ್ತು. "ಹಾಂ, ಇದು ಕೂಗು! ಮೇಜು ಕುಟ್ಟೂಕೆ ಮರೆತ್ರಿ, ಅಡ್ಡಿಲ್ಲ."

ಈಗ ಹೇಳಲು ಅಡ್ಡಿಯಿರಲಿಲ್ಲ. ವಿಶ್ವನಾಥರು ಅವಳನ್ನು ಕಂಬದ ಮರೆಗೆ ಕರೆದು ಕಾಯಿಯ ಮಾತು, ಹೊರೆ ಹೊತ್ತ ಹೆಂಗಸರ ಮಾತು, ತಾನು ಕೇಳದೆ ಬಿಟ್ಟ ಪ್ರಶ್ನೆ ಎಲ್ಲ ಬಿಡಿಸಿ ಹೇಳಿದರು. ಹೇಳುವಾಗ ಅವರಿಗೆ ಒಳಗೊಳಗೇ ಹೆಮ್ಮೆ. ಅಂಥ ಪಾಟೀಸವಾಲು ಜನ್ಮಕ್ಕೊಂದು ಸಿಕ್ಕರೆ ಹೆಚ್ಚು. ಮಾಸ್ತಮ್ಮ ಪೂರ್ತಿ ಕೇಳಿದಳು.

"ಅದೆಲ್ಲ ಇರ್ಲಿ ವಕೀಲ್ರೇ. ಕೂಗಿದ್ರಿ ಅಲ್ದಾ, ಅದಕ್ಕೇ ಅಂವ ಕೂತದ್ದು."

ಮಳೆ ಕಳೆದು ತೀರ್ಪಿನ ದಿನ ಬಂತು. ಯಾರದೋ ಬಾವಿ, ಯಾರದೋ ಪಾಲು ಎಂದು ನ್ಯಾಯಾಧೀಶೆ ಒಂದೊಂದಾಗಿ ಓದುತ್ತ ಹೋದರು. ನಡುವೆ 'ದಾವೆ ಡಿಕ್ರಿಯಾಗಿದೆ' ಎಂದು ಒಂದು ಮಾತು ಹೇಳಿ ಮುಂದಿನ ಕಡತ ಎತ್ತಿಕೊಂಡರು. ಮಾಸ್ತಮ್ಮ ಕೂತೇ ಇದ್ದಳು. ವಿಶ್ವನಾಥರು ಬಂದು ಸನ್ನೆ ಮಾಡಿ ಹೊರಗೆ ಕರೆದರು.

"ಗೆದ್ದೆವು, ಮಾಸ್ತಮ್ಮ."

"ಯಾವಾಗ?"

"ಈಗ."

"ಈಗ್ಲಾ? ನಾ ಇಲ್ಲೇ ಇದ್ದೆನಲ್ಲ!"

ಗೇಟು ತೆಗೆಯಬೇಕು, ಅಡ್ಡಿ ಮಾಡಬಾರದು, ಅವರು ಅಪೀಲಿಗೆ ಹೋಗಲೂಬಹುದು ಎಂದೆಲ್ಲ ವಕೀಲರು ವಿವರಿಸಿದರು. "ನಾಳೆ ಆ ಬದಿಯಿಂದ್ಲೇ ಹೋಗ್ಲಾ?" ಎಂದಷ್ಟೇ ಅವಳು ಕೇಳಿದಳು. "ಹೋಗು" ಎಂದರು. ಅಷ್ಟರಲ್ಲಿ ಬೆಂಚ್ ಕ್ಲರ್ಕು ಇನ್ನೊಂದು ಕೇಸಿಗೆ ಕರೆದರು, ವಿಶ್ವನಾಥರು ಕೋಟು ಎಳೆದುಕೊಂಡು ಒಳಗೆ ನಡೆದರು.

ಕೋರ್ಟಿನ ಗೇಟಿನಾಚೆ ಕೃಷ್ಣಾನಂದ ಒಬ್ಬರೇ ನಿಂತಿದ್ದರು. ರೂಪಾ ಆ ದಿನ ಕುಮಟೆಯ ಕೋರ್ಟಿಗೆ ಹೋಗಿದ್ದಳು. ಒಳಗೆ ಓದಿದ್ದು ಅವರಿಗೂ ಕೇಳಿರಲಿಲ್ಲ. ಸುತ್ತ ನೋಡಿದರು, ಗುರುತಿನವರು ಒಬ್ಬಳೇ ಇದ್ದಳು.

"ಮಾಸ್ತಮ್ಮ, ಎಂತ ಆತು?"

"ನನ್ನ ಬದಿಗೆ ಆತಡ."

"ಹೌದಾ?"

"ಹೌದಡ."

ಕೃಷ್ಣಾನಂದ ಬಸ್ಸು ಬರುವ ದಿಕ್ಕಿಗೆ ತಿರುಗಿದರು. ಅಷ್ಟರಲ್ಲಿ ಹಳದೀಪುರದ ಕಡೆ ಹೋಗುವ ಬಸ್ಸು ಬಂದು ನಿಂತಿತು. ಇಬ್ಬರೂ ಹತ್ತಿದರು. ಇದು ಬಿಟ್ಟರೆ ಮುಂದಿನದಕ್ಕೆ ಬಹಳ ಹೊತ್ತು ಕಾಯಬೇಕಿತ್ತು.