ಘಾಟಿಲ್ಲದ ಬಡಾವಣೆ

ಮೆಣಸಿನಕಾಯಿಯ ಹಂಗಾಮು ಬಂತೆಂದರೆ ಬ್ಯಾಡಗಿಯ ನಮ್ಮ ಮನೆಯ ಅಡುಗೆಕೋಣೆಯ ಕಿಟಕಿಗೆ ಒಂದು ಹಸಿ ಬಟ್ಟೆ ಬೀಳುತ್ತಿತ್ತು. ಹಳೆಯ ಧೋತರವನ್ನು ಎರಡು ಮಡಿಕೆ ಮಾಡಿ, ನೀರಿನಲ್ಲಿ ಅದ್ದಿ ಹಿಂಡಿ, ಸರಳುಗಳಿಗೆ ಬಿಗಿಯಾಗಿ ಕಟ್ಟಿಬಿಟ್ಟರೆ ಘಾಟು ಅರ್ಧಕ್ಕರ್ಧ ಹೊರಗೇ ಉಳಿಯುತ್ತದೆ ಎಂಬುದು ಮಾರುಕಟ್ಟೆಯ ಹಿಂದಿನ ನಮ್ಮ ಓಣಿಯ ಹೆಂಗಸರ ನಂಬಿಕೆ. ಮುಂಜಾನೆ ಬೆಳ್ಳಗಿದ್ದ ಬಟ್ಟೆ ಸಂಜೆ ಬಿಚ್ಚುವ ಹೊತ್ತಿಗೆ ಕೆಮ್ಮಣ್ಣು ಬಳಿದಂತೆ ಆಗಿರುತ್ತಿತ್ತು. ಪರಸ್ಥಳದ ನೆಂಟರು ಬಾಗಿಲಲ್ಲಿ ಮೊದಲು ಸೀನಿ, ಆಮೇಲೆ ನಮಸ್ಕಾರ ಮಾಡುತ್ತಿದ್ದರು. ನಾವು ಮಾತ್ರ ಆ ಬಟ್ಟೆಯನ್ನು ಮತ್ತೆ ತೊಳೆದು, ಮತ್ತೆ ಕಟ್ಟಿ, ಇದೇ ಬದುಕು ಎಂದುಕೊಂಡು ಸುಖವಾಗಿದ್ದೆವು.

ಸುಖ ಕೆಟ್ಟದ್ದು ಮಗಳಿಂದ. ಪಲ್ಲವಿ ಆರನೆಯ ತರಗತಿಗೆ ಬಂದ ವರ್ಷ ಹಂಗಾಮು ಶುರುವಾದೊಡನೆ ಅವಳ ಎದೆಯಲ್ಲಿ ಸಿಳ್ಳು ಕೇಳತೊಡಗಿತು. ಮಾತಿನ ಮಲ್ಲಿಯಾದ ಹುಡುಗಿ ಒಂದು ಮಾತನ್ನು ಮೂರು ತುಂಡು ಮಾಡಿ, ನಡುನಡುವೆ ಕೆಮ್ಮಿ, ಕೊನೆಗೆ ಹೇಳಬೇಕೆಂದಿದ್ದನ್ನೇ ಬಿಟ್ಟು ಸುಮ್ಮನಾಗುವಳು. ಮೂರನೆಯ ತರಗತಿಯ ತಮ್ಮ ಅವಳ ಬೆನ್ನು ಸವರುವನು. ಡಾಕ್ಟರರು ಕಿವಿಗೆ ನಳಿಕೆ ಹಚ್ಚಿ ಕೇಳಿ, ನಳಿಕೆ ತೆಗೆದಿಟ್ಟು, "ಈ ಕೂಸಿಗೆ ಮೆಣಸಿನಕಾಯಿ ಧೂಳಿ ಆಗಿಬರಂಗಿಲ್ಲರೀ ಬಾಯಾರ. ಔಷಧ ಕೊಡತೇನಿ. ಆದ್ರ ಊರ ಬದಲಿ ಮಾಡೂದು ನಿಮ್ಮ ಕೈಯಾಗ ಐತಿ" ಎಂದರು. ಊರು ಬದಲಿಸುವುದೆಂದರೆ ಅಂಗಿ ಬದಲಿಸಿದಷ್ಟು ಸಲೀಸು ಎನ್ನುವಂತಿತ್ತು ಅವರ ಧ್ವನಿ. ಆದರೂ ಮಗಳ ಉಸಿರಿನ ಮಾತು ಬಂದ ಮೇಲೆ ವಾದ ಎಲ್ಲಿಯದು? ನಾನು ನೋಂದಣಿ ಕಚೇರಿಯಲ್ಲಿ ಗುಮಾಸ್ತೆ. ರಾಣೆಬೆನ್ನೂರಿಗೆ ವರ್ಗಾವಣೆ ಕೇಳಿ ಪಡೆದೆ. ನಮ್ಮ ಮನೆಯವರು ಬ್ಯಾಡಗಿಯ ದಲಾಲಿ ಅಂಗಡಿಯೊಂದರಲ್ಲಿ ಮೆಣಸಿನಕಾಯಿಯ ಚೀಲಗಳ ತೂಕ, ಲಿಲಾವಿನ ಕೂಗು ನೋಡಿಕೊಳ್ಳುವವರು. ಆ ಕೆಲಸ ಬಿಡುವಂತಿರಲಿಲ್ಲ. ರೈಲಿನಲ್ಲಿ ಹೋಗಿಬರುತ್ತೇನೆ ಎಂದರು.

ಅಲ್ಲಿಂದ ಬಡಾವಣೆಗಳ ದರ್ಶನ ಆರಂಭವಾಯಿತು. ಓದುಗರೇ, ನಿಮಗೂ ಶಾಲೆಗೆ ಹೋಗುವ ಮಕ್ಕಳಿದ್ದು, ನೀವೂ ಒಮ್ಮೆ ಊರು ಬದಲಿಸಿದವರಾಗಿದ್ದರೆ ಈ ಯಾತ್ರೆಯ ಪುಣ್ಯ ನಿಮಗೂ ದೊರೆತಿರುತ್ತದೆ. ಹತ್ತಿ, ಗೋವಿನಜೋಳ ಬೆಳೆಯುತ್ತಿದ್ದ ಎರೆಹೊಲಕ್ಕೆ ನಾಲ್ಕು ಕಲ್ಲು ನೆಟ್ಟು, ಸುಣ್ಣದ ಗೆರೆ ಎಳೆದು, ಮುಂದೊಂದು ಕಮಾನು ನಿಲ್ಲಿಸಿದರೆ ಅದು ನಗರವಾಗುತ್ತದೆ. ಕಾಗದದ ಮೇಲೆ ಇಂಥ ನಗರಗಳನ್ನು ನಾನು ಕಂಡಷ್ಟು ಬೇರೆ ಯಾರೂ ಕಂಡಿರಲಾರರು. ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಉದ್ಯಾನ, ಉತ್ತರಕ್ಕೆ ಆಟದ ಮೈದಾನ ಎಂದು ಚೆಕ್ಕುಬಂದಿ ಬೆರಳಚ್ಚು ಮಾಡಿ ಮಾಡಿ ನನ್ನ ಬೆರಳುಗಳೇ ಆ ಉದ್ಯಾನಗಳಲ್ಲಿ ವಿಹರಿಸಿ ಬಂದಿವೆ. ಕಾಲುಗಳು ಹೋದಾಗ ಕಂಡದ್ದು ಬೇರೆ.

ಮೊದಲು ಹಾವೇರಿಯಲ್ಲಿರುವ ನನ್ನ ಅಣ್ಣ ತನ್ನ ಕಾರಿನಲ್ಲಿ ನಮ್ಮನ್ನೆಲ್ಲ ಕೂರಿಸಿಕೊಂಡು ಹೊರಟ. ನನಗೆ ರಾಣೆಬೆನ್ನೂರಿನಲ್ಲಿ ಕೆಲಸವಾದರೆ ಹಾವೇರಿಯಲ್ಲಿ ಮನೆ ಏಕೆ ಎಂದು ಕೇಳಿದರೆ, "ಜಿಲ್ಲಾ ಕೇಂದ್ರ ಐತಿ ತಂಗೀ, ಮಕ್ಕಳಿಗೆ ವಾತಾವರಣ ಸಿಗತೈತಿ" ಎಂದ. ವಾತಾವರಣ ಸಿಕ್ಕಿತು; ಅದರಲ್ಲಿ ಕಮಾನೊಂದನ್ನು ಬಿಟ್ಟರೆ ಬೇರೇನೂ ಇರಲಿಲ್ಲ. ಕಮಾನಿನ ಎರಡೂ ಬದಿಗೆ ಸಿಮೆಂಟಿನ ಆನೆಗಳು, ಒಳಗೆ ಕರಿಜಾಲಿ, ಅದರ ನಡುವೆ ಎರಡು ಮನೆ. ನಕ್ಷೆಯಲ್ಲಿ ಉದ್ಯಾನವೆಂದು ತೋರಿಸಿದ್ದ ಜಾಗದಲ್ಲಿ ಎಮ್ಮೆಯೊಂದು ಪರಮ ತೃಪ್ತಿಯಿಂದ ಮಲಗಿತ್ತು. ಆ ಬಡಾವಣೆಯ ಸೌಲಭ್ಯವನ್ನು ಪೂರ್ತಿಯಾಗಿ ಬಳಸಿಕೊಂಡ ನಿವಾಸಿ ಅದೊಂದೇ ಎಂದು ನನಗೆ ತೋರಿತು.

ಎರಡನೆಯದು ರಾಣೆಬೆನ್ನೂರಿನ ಹೆದ್ದಾರಿಯ ಪಕ್ಕ. ಇಲ್ಲಿ ಅಣ್ಣ ಕಾರು ನಿಲ್ಲಿಸುವ ಮೊದಲೇ, "ಇಲ್ಲೆ ಎಲ್ಲಾ ನಮ್ಮ ಮಂದಿನ ಅದಾರ" ಎಂದು ಸಂತೋಷದ ಸುದ್ದಿ ಕೊಟ್ಟ. ನಮ್ಮ ಮಂದಿ ಎಂದರೆ ಯಾರು, ಅವರು ನಮ್ಮವರಾದದ್ದು ಯಾವಾಗ, ಮಗಳಿಗೆ ಉಸಿರು ಸಿಕ್ಕಿಕೊಂಡರೆ ಅವರ ಕುಲಗೋತ್ರದಿಂದ ಎದೆ ಸಡಿಲಾಗುವುದೇ ಎಂದೆಲ್ಲ ಕೇಳಬೇಕೆನ್ನಿಸಿತು. ಕೇಳಲಿಲ್ಲ, ಏಕೆಂದರೆ ಹೆದ್ದಾರಿಯ ಲಾರಿಗಳ ಸದ್ದಿನಲ್ಲಿ ನನ್ನ ಮಾತು ಅವನಿಗೆ ಕೇಳಿಸುತ್ತಿರಲಿಲ್ಲ. ಲಾರಿಯ ಹೊಗೆಗೆ ಪಲ್ಲವಿ ಅಲ್ಲಿಯೇ ಕೆಮ್ಮಿದಳು. ಆ ಮನೆಗಳ ಹೆಂಗಸರು ಮಾತ್ರ ಬಾಗಿಲಲ್ಲಿ ನಿಂತು, ತಮ್ಮ ಬಡಾವಣೆಗೆ ಎಷ್ಟು ಬಣ್ಣದ ಶಾಲಾಬಸ್ಸುಗಳು ಬರುತ್ತವೆ ಎಂಬುದನ್ನು ಅಭಿಮಾನದಿಂದ ವರ್ಣಿಸಿದರು. ಹಳದಿ ಬಸ್ಸಿನ ಶಾಲೆಗಿಂತ ಬಿಳಿ ಬಸ್ಸಿನ ಶಾಲೆ ಮೇಲಂತೆ, ಬಿಳಿಯದಕ್ಕಿಂತ ಎ.ಸಿ. ಇರುವ ನೀಲಿಯದು ಮೇಲಂತೆ. ಶಾಲೆಯೊಳಗೆ ಏನು ಕಲಿಸುತ್ತಾರೆಂದು ಕೇಳಿದ್ದಕ್ಕೆ ಒಬ್ಬಾಕೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಅದೆಲ್ಲ ಟ್ಯೂಷನ್ನಿನಾಗ ಆಗತೈತ್ರಿ" ಎಂದಳು. ವಿದ್ಯೆಗೆ ಟ್ಯೂಷನ್ನು, ಶಾಲೆ ಇರುವುದು ಬಸ್ಸಿಗಾಗಿ ಎಂಬ ಜ್ಞಾನೋದಯ ನನಗಾದದ್ದು ಅಲ್ಲಿ.

ಕೊನೆಗೆ ಸಿಕ್ಕಿದ್ದು ಅದೇ ಊರಿನಾಚೆಯ ಮೂರನೆಯ ಬಡಾವಣೆ. ಅದಕ್ಕೆ ಹೂವಿನ ಹೆಸರಿದೆ. ಯಾವ ಹೂವೆಂದು ಹೇಳಿ ಹೂವಿಗೆ ಅವಮಾನ ಮಾಡಲಾರೆ. ನಿಜ ಹೇಳಬೇಕೆಂದರೆ ಚೆನ್ನಾಗಿತ್ತು. ಅಗಲ ರಸ್ತೆ, ಬೇವಿನ ಸಾಲು, ನಿಜವಾಗಿಯೂ ಇದ್ದ ಉದ್ಯಾನ, ಹೊಲಗಳ ಮೇಲಿನಿಂದ ಬೀಸುವ ಗಾಳಿ. ಗೇಟಿನ ಬಳಿ ನಿಯಮಗಳ ಫಲಕ. ವೇಗವಾಗಿ ವಾಹನ ಓಡಿಸಬಾರದು, ಹೂ ಕೀಳಬಾರದು ಇತ್ಯಾದಿಗಳ ಕೆಳಗೆ ದಪ್ಪಕ್ಷರದಲ್ಲಿ ಬರೆದಿತ್ತು: ಮೆಣಸಿನಕಾಯಿಯನ್ನು ಒಣಹಾಕುವುದು, ಕುಟ್ಟುವುದು, ಸಂಗ್ರಹಿಸುವುದು ನಿಷಿದ್ಧ.

ಬ್ಯಾಡಗಿಯ ಮಗ್ಗುಲಲ್ಲಿ ಮೆಣಸಿನಕಾಯಿಗೆ ನಿಷೇಧ. ನಾನು ಅದನ್ನು ಎರಡು ಸಲ ಓದಿದೆ. ಆಮೇಲೆ ಮನೆಗಳ ಹೆಸರುಫಲಕಗಳನ್ನು ಓದುತ್ತ ಹೋದಂತೆ ನಗು ತಡೆಯುವುದೇ ಕಷ್ಟವಾಯಿತು, ಏಕೆಂದರೆ ಬ್ಯಾಡಗಿಯ ನೋಂದಣಿ ಕಚೇರಿಯ ಕಾಗದಗಳಲ್ಲಿ ನಾನು ಕಂಡ ಹೆಸರುಗಳೇ ಎಲ್ಲ. ಈ ಮನೆ ಮೆಣಸಿನಕಾಯಿ ದಲಾಲರದು, ಆ ಮನೆ ಕೋಲ್ಡ್ ಸ್ಟೋರೇಜಿನವರದು, ಮೂಲೆಯ ಮಹಲು ಖಾರದಪುಡಿ ಕಾರ್ಖಾನೆಯವರದು, ಅದರ ಎದುರಿನದು ಮೆಣಸಿನಕಾಯಿಯನ್ನು ಹಡಗು ಹತ್ತಿಸಿ ಕಳಿಸುವವರದು. ತಳಪಾಯದಿಂದ ತಾರಸಿಯವರೆಗೆ ಒಂದೊಂದು ಇಟ್ಟಿಗೆಯನ್ನೂ ಮೆಣಸಿನಕಾಯಿಯೇ ತಂದುಕೊಟ್ಟ ಬಡಾವಣೆಯಲ್ಲಿ ಮೆಣಸಿನಕಾಯಿಗೆ ಪ್ರವೇಶವಿಲ್ಲ. ಘಾಟನ್ನು ಊರಿಗೆ ಹಂಚಿ ಲಾಭವನ್ನಷ್ಟೇ ಇಲ್ಲಿಗೆ ಸಾಗಿಸುವ ಈ ಚಾಣಾಕ್ಷತನಕ್ಕೆ ಕೈ ಮುಗಿಯಬೇಕು.

ಬಡಾವಣೆಯ ಸಂಘದ ಅಧ್ಯಕ್ಷರನ್ನು ಕಾಣದೆ ಅಲ್ಲಿ ಬಾಡಿಗೆ ಮನೆಯೂ ಸಿಗುವುದಿಲ್ಲ. ಅವರ ದಲಾಲಿ ಅಂಗಡಿ ನಮ್ಮ ಮನೆಯವರ ಅಂಗಡಿಯ ಎದುರು ಸಾಲಿನಲ್ಲಿಯೇ ಇದೆ, ದಿನವೂ ಮುಖಾಮುಖಿ. ಆದರೂ ಸೋಫಾದ ಮೇಲೆ ಕೂತಾಗ ನಮ್ಮವರನ್ನು ಆವತ್ತೇ ಕಂಡವರಂತೆ ನೋಡಿ, "ಬರ್ರಿ, ಕುಂದ್ರಿ. ಮಕ್ಕಳು ಎಷ್ಟು? ಯಾವ ಬಸ್ಸಿನ ಸಾಲಿ?" ಎಂದು ವಿಚಾರಿಸಿದರು. ಪಲ್ಲವಿಯ ಉಸಿರಿನ ಕತೆ ಹೇಳಿದೆ. ಅವರಿಗೆ ಬಹಳ ಹಿಡಿಸಿತು.

"ಹಂಗಾದ್ರ ಸರಿಯಾದ ಜಾಗಾಕ್ಕ ಬಂದೀರಿ ತಂಗೀ," ಎಂದರು. "ಮಕ್ಕಳ ಆರೋಗ್ಯಕ್ಕಂತನ ನಾವು ಇಷ್ಟು ಕಟ್ಟುನಿಟ್ಟ ಮಾಡೇವಿ. ಆ ಬ್ಯಾಡಗಿ ಧೂಳ್ಯಾಗ ಮಕ್ಕಳು ಬೆಳಿಯಾಕ ಆಗತೈತೇನು?"

"ಅಲ್ಲೂ ಮಕ್ಕಳು ಅದಾವಲ್ರೀ," ಎಂದರು ನಮ್ಮವರು ಮೆಲ್ಲಗೆ. ಚೀಲ ಹೊರುವವರ, ತೊಟ್ಟು ಬಿಡಿಸುವ ಹೆಂಗಸರ ಮಕ್ಕಳನ್ನು ನೆನೆದು ಆಡಿದ ಮಾತು ಅದು. ಅಧ್ಯಕ್ಷರು ಚಹಾ ಬಸಿಯ ಮೇಲೆ ಬಾಗಿ, "ಅವರಿಗೆ ರೂಢಿ ಐತಿ ಬಿಡ್ರಿ" ಎಂದರು.

ಎದ್ದು ಬರಬೇಕಿತ್ತು ಎನ್ನುತ್ತೀರಿ. ನನಗೂ ಕಾಲು ತುರಿಸಿತು. ಆದರೆ ಕಿಟಕಿಯಾಚೆ ಪಲ್ಲವಿ ತಮ್ಮನ ಹಿಂದೆ ಬೇವಿನ ಸಾಲಿನುದ್ದಕ್ಕೂ ಓಡುತ್ತಿದ್ದಳು, ನಿಂತು ಕೆಮ್ಮಲಿಲ್ಲ. ನನ್ನ ತಿರಸ್ಕಾರಕ್ಕೆ ಅದಕ್ಕಿಂತ ಹೆಚ್ಚಿನ ಬೆಲೆ ಏನಿದ್ದೀತು? ಮನೆ ಹಿಡಿದೆವು.

ಬಂದು ನೆಲೆಸಿದ ಮೇಲೆ ತಿಳಿದದ್ದೆಂದರೆ, ಮಕ್ಕಳಿಗಾಗಿ ಕಟ್ಟಿದ ಆ ಸ್ವರ್ಗದಲ್ಲಿ ಮಕ್ಕಳು ಕಣ್ಣಿಗೆ ಬೀಳುವುದು ಅಪರೂಪ. ಬೆಳಿಗ್ಗೆ ಬಣ್ಣಬಣ್ಣದ ಬಸ್ಸುಗಳು ಅವರನ್ನು ಹೆಕ್ಕಿಕೊಂಡು ಹೋದರೆ ಸಂಜೆ ಟ್ಯೂಷನ್ನು, ಅದರ ಮೇಲೆ ಅಬ್ಯಾಕಸ್ಸು, ಅದರ ಮೇಲೆ ಕರಾಟೆ. ಉದ್ಯಾನದ ಜಾರುಬಂಡೆಯ ಬಣ್ಣ ಇನ್ನೂ ಹೊಸದಾಗಿಯೇ ಇದೆ. ಹೆಂಗಸರು ಮಾತ್ರ ಸಂಜೆ ವಾಕಿಂಗು ಹೊರಟು, ಮಕ್ಕಳಿಗೋಸ್ಕರವೇ ತಾವು ಇಲ್ಲಿ ಬಂದು ಇದ್ದೇವೆಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಅವರ ಮನೆಯ ಚಪಾತಿ ಹಿಟ್ಟು, ಉಪ್ಪಿನಕಾಯಿ, ಕಡೆಗೆ ಖಾರದಪುಡಿ ಕೂಡ ಅಂದದ ಪಾಕೀಟಿನಲ್ಲಿ ಅಂಗಡಿಯಿಂದಲೇ ಬರುತ್ತದೆ. ಬ್ಯಾಡಗಿಯ ದಲಾಲರ ಹೆಂಡತಿ ಅಂಗಡಿಯ ಖಾರದಪುಡಿ ತರಿಸುತ್ತಾಳೆಂದು ನಮ್ಮ ಹಳೆಯ ಓಣಿಯಲ್ಲಿ ಹೇಳಿದರೆ ನನ್ನನ್ನು ಸುಳ್ಳಿ ಎಂದಾರು.

ಹಂಗಾಮು ಬಂತು. ನಮ್ಮ ಮನೆಯವರು ಮುಂಜಾನೆಯ ರೈಲಿಗೆ ಹೋಗಿ ಸಂಜೆಯ ರೈಲಿಗೆ ಬರುವರು. ಎಷ್ಟು ಜಾಡಿಸಿದರೂ ಅಂಗಿಯ ನೂಲುನೂಲಿನಲ್ಲೂ ಘಾಟು. ನಾವು ಮೊದಲೇ ವ್ಯವಸ್ಥೆ ಮಾಡಿದ್ದೆವು: ಹಿತ್ತಿಲ ಬಚ್ಚಲಲ್ಲಿ ಮೈ ತೊಳೆದು, ಅಂಗಿಯನ್ನು ಅಲ್ಲಿಯೇ ಬಕೀಟಿನಲ್ಲಿ ಮುಳುಗಿಸಿ, ಆಮೇಲೆ ಒಳಗೆ ಬರುವುದು. ಮಗಳಿಗೆ ತೊಂದರೆಯಾಗಲಿಲ್ಲ. ತೊಂದರೆಯಾದದ್ದು ಗೇಟಿನಿಂದ ನಮ್ಮ ಹಿತ್ತಿಲವರೆಗಿನ ದಾರಿಗೆ. ಒಂದು ದಿನ ಅಧ್ಯಕ್ಷರು ವಾಕಿಂಗಿನ ನೆಪದಲ್ಲಿ ಬಾಗಿಲಿಗೆ ಬಂದು, "ಯಜಮಾನ್ರು ಬರೂಮುಂದ ಘಾಟು ಬರತೈತಿ ಅಂತ ಮಂದಿ ಅನ್ನಾಕತ್ತಾರ. ಹಂಗಾಮಿನಾಗ ಇಲ್ಲಿ ಭಾಳ ಮಂದಿ ಬ್ಯಾಡಗ್ಯಾಗ ಉಳಕೋತಾರ. ರವಿವಾರ ಬರತಾರ. ನೀವೂ ಹಂಗ ಮಾಡ್ರಿ, ಮಕ್ಕಳಿಗೂ ಛಲೋ" ಎಂದು ಹೇಳಿಹೋದರು. ಅವರು ಮಾತ್ರ ದಿನವೂ ಮನೆಗೆ ಬರುತ್ತಾರೆ. ಅಂಗಡಿಯ ಹಿಂದೆ ಅವರಿಗೆ ಬಿಸಿನೀರಿನ ಬಚ್ಚಲಿದೆ, ಮನೆಗೆ ಬರಲು ಬೇರೆ ಕಾರಿದೆ, ಧೂಳಿನಲ್ಲಿ ನಿಲ್ಲಲು ನಮ್ಮವರಂಥ ಜನರಿದ್ದಾರೆ.

ಆಗ ನಾನು ಸುತ್ತ ನೋಡಿದೆ. ಹೌದು, ನಮ್ಮ ರಸ್ತೆಯ ಬಾಡಿಗೆ ಮನೆಗಳಲ್ಲಿ ಹಂಗಾಮಿನುದ್ದಕ್ಕೂ ಗಂಡಸರಿಲ್ಲ. ಮಕ್ಕಳ ಸಲುವಾಗಿ ಆರಿಸಿದ ಬಡಾವಣೆಗೆ ಮಕ್ಕಳ ಅಪ್ಪಂದಿರೇ ಆಗಿಬರುವುದಿಲ್ಲ. ನನಗೆ ಸಿಟ್ಟು ಬಂತು. ಬರೀ ಸಿಟ್ಟಲ್ಲ, ಅಳು ಕೂಡ. ಅಧ್ಯಕ್ಷರ ಮನೆಗೆ ಹೋಗಿ ಮುಖದ ಮೇಲೆ ಹೊಡೆದಂತೆ ಮಾತಾಡಿ ಬರುತ್ತೇನೆಂದು ಸೆರಗು ಸಿಕ್ಕಿಸಿದರೆ ನಮ್ಮವರೇ ತಡೆದರು.

"ಬ್ಯಾಡ. ಆಕಿ ಉಸಿರು ಛಲೋ ಆಗೇತಿ. ಈಗ ಜಗಳ ಮಾಡಿ ಮತ್ತ ಮನಿ ಹುಡಕೂದು ಎಲ್ಲಿ? ನಾ ಅಂಗಡಿ ಮ್ಯಾಲಿನ ಖೋಲ್ಯಾಗ ಇರತೇನಿ," ಎಂದು ಚಾದರ ಮಡಚಿ ಚೀಲಕ್ಕೆ ಹಾಕಿಕೊಂಡರು.

ಮೊದಲ ರವಿವಾರ ಅವರು ಬಂದಾಗ ಗುರುತು ಹಿಡಿಯುವುದು ಕಷ್ಟವಿತ್ತು. ಬ್ಯಾಡಗಿಯಲ್ಲಿಯೇ ಮಿಂದು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟ ಬೇರೆ ಅಂಗಿ ತೊಟ್ಟು, ಅದರ ಮೇಲೆ ಯಾವುದೋ ಗಂಧದ ಪೌಡರು ಬಳಿದುಕೊಂಡು ಮುಂಬಾಗಿಲಿನಿಂದ ಬಂದರು, ಗೇಟಿನ ಕಾವಲುಗಾರ ನಮಸ್ಕಾರ ಮಾಡಿದನೆಂದು ಹೇಳುತ್ತ. ಪಲ್ಲವಿ ಓಡಿಬಂದು ಪಕ್ಕದಲ್ಲಿ ಕೂತು, ಅವರ ತೋಳಿಗೆ ಮೂಗು ಹಚ್ಚಿದಳು.

"ಅಪ್ಪಾ, ಈಗ ನಿನ್ನ ಅಂಗಿ ಛಲೋ ವಾಸನಿ ಬರತೈತಿ. ಇಲ್ಲೆ ಎಲ್ಲಾರ ಅಪ್ಪಗೋಳಂಗ ಆದಿ ನೀ."

ಅವರು ನಕ್ಕರು. ಬೇಸರದ ನಗುವಲ್ಲ, ಖರೇನೇ ಖುಷಿಯಾಗಿತ್ತು ಅವರಿಗೆ. ಅದನ್ನು ನೋಡಲಾರದೆ ನಾನು ಅಡುಗೆಮನೆಗೆ ಹೋದೆ. ಸಾರಿಗೆ ಒಗ್ಗರಣೆ ಕೊಡುವುದಿತ್ತು. ಎಣ್ಣೆ ಕಾಯಲಿಟ್ಟು, ಸಂಘದವರ ಕಣ್ಣು ತಪ್ಪಿಸಿ ತಂದಿಟ್ಟುಕೊಂಡಿದ್ದ ಮೆಣಸಿನಕಾಯಿಯ ಡಬ್ಬಿ ತೆರೆದೆ. ಕಿಟಕಿಗಳನ್ನೆಲ್ಲ ಹಾರುಹೊಡೆದು, ಎರಡು ಮುಷ್ಟಿ ಮೆಣಸಿನಕಾಯಿಯನ್ನು ಕಾದ ಎಣ್ಣೆಗೆ ಸುರಿದು, ಅಧ್ಯಕ್ಷರಿಂದ ಹಿಡಿದು ಕಾವಲುಗಾರನವರೆಗೆ ಇಡೀ ಬಡಾವಣೆಯನ್ನು ಕೆಮ್ಮಿಸಿಬಿಡಬೇಕು, ಕೆಮ್ಮಿ ಕೆಮ್ಮಿ ಅವರ ಕಣ್ಣಲ್ಲಿ ನೀರು ಬರಬೇಕು ಎನ್ನಿಸಿತು. ಮುಷ್ಟಿ ತುಂಬಿಕೊಂಡು ಒಲೆಯ ಮುಂದೆ ನಿಂತೆ.

ಹೊರಗೆ ಪಲ್ಲವಿ ಅಪ್ಪನಿಗೆ ವಾರದ ಸುದ್ದಿಯನ್ನೆಲ್ಲ ಹೇಳುತ್ತಿದ್ದಳು. ಶಾಲೆಯ ಸುದ್ದಿ, ಬಸ್ಸಿನ ಸುದ್ದಿ, ಕರಾಟೆಯಲ್ಲಿ ತಮ್ಮ ಬಿದ್ದ ಸುದ್ದಿ, ಒಂದರ ಬಾಲಕ್ಕೆ ಇನ್ನೊಂದು, ಎಲ್ಲಿಯೂ ನಿಲ್ಲದೆ, ಒಂದೇ ಉಸಿರಿನಲ್ಲಿ.

ಮೆಣಸಿನಕಾಯಿಯನ್ನು ಡಬ್ಬಿಗೆ ಹಾಕಿ ಮುಚ್ಚಳ ಬಿಗಿದೆ. ಬರೀ ಸಾಸಿವೆ ಜೀರಿಗೆಯ ಒಗ್ಗರಣೆ ಕೊಟ್ಟು ಊಟಕ್ಕೆ ಕರೆದೆ.